ಹೊಲಿಗೆ, ಒಲೆ, ಉಳಿಕೆ: ಓದುಗರ ಪ್ರಶ್ನೆ, ಟೀಚರಮ್ಮನ ಉತ್ತರ

ಹಳೆ ಬಟ್ಟೆ, ಉಳಿದ ಅಡುಗೆಯ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಸಂಪಾದಕರು ಈ ಪುಟದ ಕೆಳಗೆ ಎರಡು ಸಾಲು ಹಾಕಿದ್ದರು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸೀರೆಯದು, ಮಿಕ್ಕಿದ್ದು ಅನ್ನದ್ದು. ಒಬ್ಬರು ಬೈದು ಬರೆದಿದ್ದಾರೆ, ಅವರಿಗೂ ಉತ್ತರವಿದೆ. ನಾನು ಧಾರವಾಡದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವಳು. ಬಟ್ಟೆಯ ಮಾತನ್ನು ಧೈರ್ಯವಾಗಿ ಹೇಳುತ್ತೇನೆ. ಅಡುಗೆಯ ಮಾತು ಎಲ್ಲರ ಮನೆಯ ಅನುಭವದಷ್ಟೇ.

ಟೀಚರ್, ನಮ್ಮ ಅತ್ತೆ ತೀರಿಕೊಂಡು ವರ್ಷವಾಯಿತು. ಎರಡು ಟ್ರಂಕ್ ತುಂಬ ಅವರ ಸೀರೆಗಳಿವೆ. ಹೆಚ್ಚಿನವು ಕಾಟನ್, ಕೆಲವು ಇಳಕಲ್, ಒಂದಷ್ಟು ನೈಲೆಕ್ಸ್, ನಾಲ್ಕೈದು ರೇಷ್ಮೆ. ನನಗೆ ಉಡಲು ಮನಸ್ಸು ಬರುತ್ತಿಲ್ಲ, ಬಿಸಾಡಲು ಕೈ ಬರುತ್ತಿಲ್ಲ. ಯಾರಿಗಾದರೂ ಕೊಟ್ಟುಬಿಡೋಣ ಎಂದರೆ ಯಜಮಾನರು ಸುಮ್ಮನಾಗಿಬಿಡುತ್ತಾರೆ. ಏನು ಮಾಡಲಿ?
*— ರಾಜಾಜಿನಗರ, ಬೆಂಗಳೂರು*

ಯಜಮಾನರು ಸುಮ್ಮನಾಗುತ್ತಾರೆ ಎಂದರೆ ಅದೇ ಉತ್ತರ ತಂಗಿ. ಅವರನ್ನೂ ಕೂಡಿಸಿಕೊಂಡು ಒಂದು ಭಾನುವಾರ ಟ್ರಂಕ್ ತೆಗೆಯಿರಿ. ಮೊದಲು ನಾದಿನಿಯರನ್ನು, ಅತ್ತೆಯ ತಂಗಿಯರಿದ್ದರೆ ಅವರನ್ನು ಕರೆದು ಒಂದೊಂದು ಸೀರೆ ಆರಿಸಿಕೊಳ್ಳಲು ಹೇಳಿ. ಇದನ್ನು ಬಿಟ್ಟು ಬೇರೆ ಏನು ಮಾಡಿದರೂ ಮುಂದೆ ಹತ್ತು ವರ್ಷ ಮಾತು ಬರುತ್ತದೆ.

ಉಳಿದವನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಎರಡೂ ಹೆಬ್ಬೆರಳಿನಿಂದ ಒಂದು ಕಡೆ ಮೆಲ್ಲಗೆ ಎಳೆಯಿರಿ. ಎಳೆ ಬಿಚ್ಚಿಕೊಂಡರೆ ಆ ಸೀರೆಯ ಉಡುವ ಆಯುಷ್ಯ ಮುಗಿಯಿತು, ಕೌದಿಯ, ಅಂದರೆ ಹಳೆ ಬಟ್ಟೆಯನ್ನು ಪದರ ಪದರವಾಗಿ ಹೊಲಿದ ಹೊದಿಕೆಯ, ಒಳಪದರಕ್ಕೆ ಸರಿ. ಗಟ್ಟಿಯಿದ್ದರೆ ಮೇಲುಪದರಕ್ಕೆ. ನೈಲೆಕ್ಸ್, ಪಾಲಿಯೆಸ್ಟರ್ ಕೌದಿಗೆ ಬೇಡ. ಜಾರುತ್ತದೆ, ಹೊಲಿಗೆ ಹಿಡಿಯುವುದಿಲ್ಲ, ಬೆವರು ಹೀರುವುದಿಲ್ಲ. ಹೊದ್ದವರು ರಾತ್ರಿಯೆಲ್ಲ ಒದೆಯುತ್ತಾರೆ.

ಹೌದು, ನಾನು ಹೇಳುವುದು ಕೌದಿಯನ್ನೇ. ಬೆಂಗಳೂರಿನವರಿಗೆ ಅದೀಗ ಪ್ರದರ್ಶನದಲ್ಲಿ ಸಾವಿರಗಟ್ಟಲೆ ಕೊಟ್ಟು ತರುವ ವಸ್ತು. ನಮ್ಮ ಕಡೆ ಹಾಸುವುದು ಹೊದೆಯುವುದು ಎಲ್ಲ ಅದೇ. ಬಾಣಂತಿಗೆ, ಕೂಸಿಗೆ ಬೇರೆ ಚಿಕ್ಕದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿ ನೋಡಿದ್ದೀರಾ? ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಹೂ ಕೂರಿಸುತ್ತಾರೆ. ಹೂವಿಲ್ಲದ ಕೌದಿ ಅವರ ಪಾಲಿಗೆ ಬತ್ತಲೆ ಇದ್ದಂತೆ.

ಲೆಕ್ಕ ಹೀಗೆ. ಒಂದು ಸೀರೆಯನ್ನು ಅಡ್ಡಕ್ಕೆ ಎರಡು ತುಂಡು ಮಾಡಿ ಪಕ್ಕಪಕ್ಕ ಕೂಡಿಸಿದರೆ ಇಬ್ಬರು ಹೊದೆಯುವ ಅಗಲ ಬರುತ್ತದೆ. ನಾಲ್ಕು ಪದರಕ್ಕೆ ನಾಲ್ಕು ಸೀರೆ. ಬೆಂಗಳೂರಿನ ಚಳಿಗೆ ನಾಲ್ಕು ಸಾಕು, ಐದಾದರೆ ಒದ್ದೆಯಾದಾಗ ಎತ್ತಲು ಇಬ್ಬರು ಬೇಕು. ಎಲ್ಲವನ್ನೂ ಮೊದಲು ಬಿಸಿನೀರಲ್ಲಿ ಒಗೆದು ಒಣಗಿಸಿ. ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ಬಣ್ಣ ಬಿಡುವ ಸೀರೆ ಇದ್ದರೆ ಅದೂ ಆಗ ಗೊತ್ತಾಗುತ್ತದೆ. ಇಳಕಲ್ ಸೀರೆಯ ಒಡಲು ಕಾಟನ್ನಾದರೂ ಸೆರಗು ಸಾಮಾನ್ಯವಾಗಿ ರೇಷ್ಮೆ. ಅದನ್ನು ಒಳಗೆ ಹಾಕಿ ಮುಚ್ಚಬೇಡಿ. ಬೇರೆ ತೆಗೆದು ಮೇಲುಪದರದ ನಡುವೆ ಕೂರಿಸಿ, ಕೌದಿಗೆ ಮುಖ ಬರುತ್ತದೆ. ಗೋರಂಟಿ ಕೆಂಪು ಸೆರಗೇ ಇದ್ದರೆ ಇನ್ನೂ ಚೆಂದ.

ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಭಾರ ಇಟ್ಟು, ಕೈಯಿಂದ ಸವರಿ ನಿರಿಗೆ ತೆಗೆದು, ಮೊದಲು ದೊಡ್ಡ ದೊಡ್ಡ ಟಾಕು ಹಾಕಿ ಹಿಡಿದುಕೊಳ್ಳಬೇಕು. ಇದನ್ನು ಬಿಟ್ಟು ಸೀದಾ ಹೊಲಿಯಲು ಕೂತರೆ ನಡುವೆ ಗಂಟು ಗಂಟಾಗಿ ಬಟ್ಟೆ ಸೇರುತ್ತದೆ. ಆಮೇಲೆ ದಪ್ಪ ಹತ್ತಿ ದಾರದಲ್ಲಿ ಸಣ್ಣ ಹೊಲಿಗೆ, ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ನಿಮ್ಮಿಂದ ಆಗದಿದ್ದರೆ ಹೊಲಿಯುವವರಿಗೆ ಕೊಡಿ. ಧಾರವಾಡ, ಗದಗ, ಬಾಗಲಕೋಟೆ ಕಡೆಯ ನೆಂಟರಿಗೆ ಒಂದು ಫೋನ್ ಮಾಡಿದರೆ ಓಣಿಗೊಬ್ಬರು ಸಿಗುತ್ತಾರೆ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಬೆನ್ನು ಬಗ್ಗಿಸಿ ದಿನಗಟ್ಟಲೆ ಮಾಡುವ ಕೆಲಸ ಅದು.

ಇನ್ನೊಂದು ಕಿವಿಮಾತು. ಮುಗಿದ ಮೇಲೆ ಇನ್ನೊಂದು ತೆಳು ಸೀರೆಯನ್ನು ಗವಸಿನ ಹಾಗೆ ಸುತ್ತ ದೊಡ್ಡ ಟಾಕು ಹಾಕಿ ಹಚ್ಚಿಬಿಡಿ. ಕೊಳೆಯಾದಾಗ ಅದೊಂದನ್ನು ಬಿಚ್ಚಿ ಒಗೆದರೆ ಸಾಕು. ಕೌದಿಯನ್ನು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಒಗೆಯಿರಿ. ವಾಷಿಂಗ್ ಮಷೀನಿಗೆ ಮಾತ್ರ ಹಾಕಬೇಡಿ.

ರೇಷ್ಮೆಯಲ್ಲಿ ಅಸಲಿ ಜರಿ ಇದ್ದರೆ ಅದು ಬೆಳ್ಳಿಯ ಎಳೆಗೆ ಚಿನ್ನದ ಲೇಪ ಕೊಟ್ಟದ್ದು. "ಹಳೇ ರೇಷ್ಮೆ ಸೀರೆ ಕೊಳ್ತೀವಿ" ಎಂದು ಬಾಗಿಲಿಗೆ ಬರುವವರು ಸೀರೆಯ ಚಂದಕ್ಕೆ ಬರುವುದಿಲ್ಲ, ಆ ಬೆಳ್ಳಿಗೆ ಬರುತ್ತಾರೆ. ಮಾರುವ ಮನಸ್ಸಿದ್ದರೆ ಎರಡು ಕಡೆ ಕೇಳಿ ಮಾರಿ. ನೈಲೆಕ್ಸನ್ನು ಪಾತ್ರೆಯವಳಿಗೆ ಕೊಡಿ. ಒಂದು ಡಬ್ಬಿ ಬಂದರೂ ಲಾಭ. ಅವಳ ಕೈಯಿಂದ ಅದು ಉಡುವವರಿಗೇ ಮುಟ್ಟುತ್ತದೆ.

ರಾತ್ರಿ ಉಳಿದ ಅನ್ನವನ್ನು ಬೆಳಗ್ಗೆ ಚಿತ್ರಾನ್ನ ಮಾಡುತ್ತೇನೆ. ಮಗ ಮೊಬೈಲಿನಲ್ಲಿ ಏನೋ ಓದಿ "ಅದು ವಿಷ, ಚೆಲ್ಲು" ಎನ್ನುತ್ತಾನೆ. ನಮ್ಮಮ್ಮ ತಂಗಳನ್ನ ತಿಂದೇ ಎಂಬತ್ತು ದಾಟಿದ್ದಾರೆ. ಯಾರ ಮಾತು ಕೇಳಲಿ?
*— ಹಾಸನ*

ಇಬ್ಬರದ್ದೂ ಅರ್ಧರ್ಧ ಕೇಳಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಎನ್ನುವ ಸೂಕ್ಷ್ಮಾಣುವಿನ ಬೀಜಕಣ ಇರುತ್ತದೆ. ಅನ್ನ ಬೆಂದರೂ ಅದು ಸಾಯುವುದಿಲ್ಲ. ಕುಕ್ಕರಿನಲ್ಲೇ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಮೊಳೆತು ಹೆಚ್ಚುತ್ತದೆ, ವಾಂತಿ ಬರಿಸುವ ನಂಜನ್ನೂ ಬಿಡುತ್ತದೆ. ಆ ನಂಜು ಬೆಳಗ್ಗೆ ಬಾಣಲೆಯಲ್ಲಿ ಎಷ್ಟು ಕಾಯಿಸಿದರೂ ಹೋಗುವುದಿಲ್ಲ. ಮಗ ಓದಿದ್ದು ಇದನ್ನೇ ಇರಬೇಕು.

ಆದರೆ ಅದು ಚೆಲ್ಲಲು ಕಾರಣವಲ್ಲ. ಊಟ ಮುಗಿದ ಕೂಡಲೇ ಉಳಿದ ಅನ್ನವನ್ನು ಅಗಲ ತಟ್ಟೆಗೆ ಹರವಿ ಆರಿಸಿ, ಒಂದೆರಡು ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿಗಿಡಿ. ಮರುದಿನ ಚಿತ್ರಾನ್ನ ಮಾಡಿ, ಚೆನ್ನಾಗಿ ಬಿಸಿಮಾಡಿ, ಒಮ್ಮೆಗೇ ಮುಗಿಸಿ. ಧಾರಾವಾಹಿ ಮುಗಿಯುವ ತನಕ ಕುಕ್ಕರಿನಲ್ಲೇ ಬಿಟ್ಟ ಅನ್ನ ಮಾತ್ರ ಬೇಡ. ನಿಮ್ಮ ಅಮ್ಮ ತಿಂದ ತಂಗಳು ಬಹುಶಃ ನೀರಿನಲ್ಲಿ ಮುಳುಗಿಸಿ ಹುಳಿ ಬರಿಸಿದ್ದು. ಆ ಹುಳಿಯೇ ಬೇರೆ ಸೂಕ್ಷ್ಮಾಣುಗಳನ್ನು ತಡೆಯುತ್ತಿತ್ತು. ಒಣ ಅನ್ನವನ್ನು ಹಾಗೇ ಇಟ್ಟು ಅದಕ್ಕೂ ತಂಗಳು ಎಂದರೆ ಅದು ಬೇರೆಯೇ.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೊಂದು ಪ್ರಶ್ನೆ. ದಿನಾ ಯಾಕೆ ಉಳಿಯುತ್ತದೆ? ಅಕ್ಕಿ ಡಬ್ಬಿಯಲ್ಲಿ ಯಾವ ಲೋಟ ಇದೆ ನೋಡಿ. ಮನೆ ತುಂಬ ಜನ ಇದ್ದಾಗ ಅತ್ತೆ ಇಟ್ಟ ಲೋಟವೇ ಇರುತ್ತದೆ. ಮಗಳ ಮದುವೆಯಾಯಿತು, ಮೈದುನ ಬೇರೆ ಹೋದ, ಲೋಟ ಮಾತ್ರ ಅಲ್ಲೇ ಇದೆ. ಅದನ್ನು ಬದಲಾಯಿಸಿ. ಒಂದು ವಾರ ಅನ್ನ ಕಡಿಮೆ ಬಿದ್ದರೆ ಮನೆಯಲ್ಲಿ ದೂರು ಬರುತ್ತದೆ, ಬರಲಿ. ಆಗ ಸರಿಯಾದ ಅಳತೆ ಯಾವುದೆಂದು ಗೊತ್ತಾಗುತ್ತದೆ.

ರವೆ ಪೊಟ್ಟಣದ ಮೇಲಿನ ತಾರೀಕು ದಾಟಿ ಎರಡು ವಾರವಾಗಿದೆ. ಎಸೆಯಬೇಕೇ?
*— ತುಮಕೂರು*

ತಾರೀಕಿನ ಹಿಂದೆ ಏನು ಬರೆದಿದೆ ಓದಿ. "ಬೆಸ್ಟ್ ಬಿಫೋರ್" ಎಂದಿದ್ದರೆ ಆ ದಿನದ ತನಕ ರುಚಿ, ಘಮ ಚೆನ್ನಾಗಿರುತ್ತದೆ ಎಂದರ್ಥ. "ಯೂಸ್ ಬೈ" ಅಥವಾ "ಎಕ್ಸ್‌ಪೈರಿ" ಎಂದಿದ್ದರೆ ದಾಟಿದ ಮೇಲೆ ತಿನ್ನಬಾರದು. ಬೆಸ್ಟ್ ಬಿಫೋರ್ ರವೆಯಾದರೆ ಜರಡಿ ಹಿಡಿಯಿರಿ. ಹುಳ, ಜೇಡರಬಲೆಯಂಥ ಎಳೆ, ಮುಗ್ಗಲು ವಾಸನೆ ಇಲ್ಲದಿದ್ದರೆ ಹುರಿದು ಉಪ್ಪಿಟ್ಟು ಮಾಡಿ. ಮುಂದಿನ ಸಲ ಒಂದು ಕಿಲೋ ತಂದರೆ ಇನ್ನೂರು ಗ್ರಾಂ ಉಚಿತ ಎನ್ನುವ ಪೊಟ್ಟಣ ತರಬೇಡಿ. ಆ ಇನ್ನೂರೇ ಈಗ ನಿಮ್ಮ ಕೈಯಲ್ಲಿರುವುದು.

ಅಕ್ಕಾವ್ರೇ, ಮಾಘದಲ್ಲಿ ಮಗಳ ಮದುವೆ. ಊಟ ಹಾಳಾಗಬಾರದು ಎಂಬ ಆಸೆ. ಆದರೆ ಎರಡು ಐಟಂ ಕಡಿಮೆ ಮಾಡಿದರೆ ಬೀಗರು ಏನಂದುಕೊಂಡಾರು ಎಂಬ ಭಯ. ಉಳಿದದ್ದನ್ನು ಗೋಶಾಲೆಗೆ ಕಳಿಸಿದರೆ ಆಗುತ್ತದೆಯೇ?
*— ದಾವಣಗೆರೆ*

ಯಜಮಾನರೇ, ಮೊದಲು ಕೊನೆಯ ಪ್ರಶ್ನೆ. ಬೇಡ. ದನದ ಹೊಟ್ಟೆ ಹುಲ್ಲಿಗೆ ಮಾಡಿದ್ದು. ಬಕೆಟ್ಟುಗಟ್ಟಲೆ ಅನ್ನ, ಪಾಯಸ, ಹೋಳಿಗೆ ಒಮ್ಮೆಗೇ ಸುರಿದರೆ ಹೊಟ್ಟೆಯಲ್ಲಿ ಆಮ್ಲ ಏರಿ ಮೇವು ಬಿಡುತ್ತದೆ, ಮಲಗಿದಲ್ಲಿಂದ ಏಳುವುದಿಲ್ಲ, ಸಾಯುವುದೂ ಉಂಟು. ಪಶುವೈದ್ಯರನ್ನು ಕೇಳಿ ನೋಡಿ, ಲಗ್ನಸರಾಯಿಯಲ್ಲಿ ಅವರಿಗೆ ಇದೇ ಕೆಲಸ. ಪುಣ್ಯ ಬರಲಿ ಎಂದು ಹೋಗಿ ಪಾಪ ತಂದಂತಾದೀತು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2012ರ ಸುಮಾರಿಗೆ ಆ ಊರಿನ ಕಲ್ಯಾಣಮಂಟಪಗಳಲ್ಲಿ ಸಮೀಕ್ಷೆ ಮಾಡಿ, ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಹಾಳಾಗುತ್ತದೆ ಎಂದು ಲೆಕ್ಕ ಕೊಟ್ಟಿದ್ದರು. ಒಂದು ಊರಿನ ಮಾತು ಇದು.

ಐಟಂ ಕಡಿಮೆ ಮಾಡಿ ಬೀಗರ ಕಣ್ಣಿಗೆ ಬೀಳುವುದೇ ಬೇಡ. ಬಡಿಸುವ ರೀತಿ ಬದಲಿಸಿ. ಎಲೆ ತುದಿಯ ಪಲ್ಯ, ಕೋಸಂಬರಿಗೆ ಸಣ್ಣ ಚಮಚ ಕೊಡಿ ಎಂದು ಅಡುಗೆ ಭಟ್ಟರಿಗೆ ಮೊದಲೇ ಹೇಳಿ. ಸೌಟಿನಷ್ಟೇ ಬೀಳುವುದು, ಬಡಿಸುವ ಹುಡುಗನ ಮನಸ್ಸಿನಷ್ಟಲ್ಲ. ಹೋಳಿಗೆ ಒಂದು, ಎರಡನೆಯದು ಕೇಳಿದವರಿಗೆ. ಅನ್ನವನ್ನು ಒಟ್ಟಿಗೆ ಬೇಯಿಸಿಡದೆ ಪಂಕ್ತಿ ನೋಡಿ ಬೇಯಿಸಲಿ. ಮೊದಲ ಪಂಕ್ತಿ ಕೂತ ಮೇಲೆ ಮೂರನೆಯದಕ್ಕೆ ಎಸರಿಟ್ಟರೆ ಸಾಕು. ಒಳ್ಳೆಯ ಭಟ್ಟರಿಗೆ ಇದು ಹೊಸತಲ್ಲ, ಯಜಮಾನರೇ "ಕಡಿಮೆ ಬೀಳಬಾರದು ನೋಡ್ರಿ" ಎಂದು ಹತ್ತು ಸಲ ಹೆದರಿಸುವುದರಿಂದ ಅವರು ಹೆಚ್ಚು ಹಾಕುತ್ತಾರೆ.

ಇನ್ನು ನಮ್ಮ ಉಪಚಾರ! "ಇನ್ನೊಂದು ಹಾಕಿಸ್ಕೋರಿ, ನಮ್ಮಾಣಿ" ಎಂದು ಕೈ ಅಡ್ಡ ಹಿಡಿದವರ ಎಲೆಗೂ ತುಪ್ಪ ಸುರಿಯುವ ಪದ್ಧತಿ. ಉಪಚಾರ ಬಿಟ್ಟರೆ ಮಾನ ಹೋಗುತ್ತದೆ, ಒಪ್ಪುತ್ತೇನೆ. ಹಾಗಾಗಿ ಬಾಯಿಬಲ ಇರುವ ಒಬ್ಬ ಚಿಕ್ಕಪ್ಪನನ್ನು ಬರಿಗೈಯಲ್ಲಿ ಪಂಕ್ತಿಯ ನಡುವೆ ಬಿಡಿ. ಮಾತಿನಿಂದ ಉಪಚಾರ ಮಾಡಲಿ, ಕೈಯಲ್ಲಿ ಪಾತ್ರೆ ಬೇಡ. ಯಾರಿಗೆ ಬೇಕೋ ಅವರಿಗೆ ಹುಡುಗನನ್ನು ಕರೆದು ಹಾಕಿಸಲಿ.

ಉಳಿಯುವುದು ಉಳಿದೇ ಉಳಿಯುತ್ತದೆ. ಎಲೆಗೆ ಬೀಳದ, ಒಲೆಯ ಬಳಿಯ ಪಾತ್ರೆಯ ಅಡುಗೆಯನ್ನು ಮಾತ್ರ ಬೇರೆಯವರಿಗೆ ಕೊಡಬೇಕು. ನಿಮ್ಮೂರಿನ ಹಾಸ್ಟೆಲ್ಲು, ವೃದ್ಧಾಶ್ರಮಕ್ಕೆ ಮುಂಚಿನ ದಿನವೇ ಫೋನ್ ಮಾಡಿ, ಇಷ್ಟು ಗಂಟೆಗೆ ಕಳಿಸುತ್ತೇವೆ ಎಂದು ತಿಳಿಸಿ. ಬರೀ ಅಡುಗೆಗಲ್ಲ, ಅದನ್ನು ಮುಟ್ಟಿಸುವ ಗಾಡಿಗೂ ಒಬ್ಬರ ಹೆಸರು ಬರೆದಿಡಿ. ಮಧ್ಯಾಹ್ನದ ಸಾಂಬಾರು ಸಂಜೆ ಆರಕ್ಕೆ ತಲುಪಿದರೆ ಅದು ದಾನವಲ್ಲ, ಅವರ ಮನೆಗೆ ಕಸ ಸಾಗಿಸಿದ್ದು. ಮಗಳಿಗೆ ನನ್ನ ಆಶೀರ್ವಾದ ಹೇಳಿ.

ಹಾಯ್ ಮೇಡಂ, ನಾನು ಬಿ.ಕಾಂ ಓದ್ತಿದ್ದೀನಿ. ಆನ್‌ಲೈನಲ್ಲಿ ಮೂರು ಕುರ್ತಿ 999ಕ್ಕೆ ಬರುತ್ತೆ. ಎರಡು ತಿಂಗಳಲ್ಲಿ ಒಂದೂ ಹಾಕೋ ಹಾಗಿರಲ್ಲ. ಬಟ್ಟೆ ಚೆನ್ನಾಗಿದ್ಯಾ ಇಲ್ವಾ ಅಂತ ಹೇಗೆ ನೋಡೋದು?
*— ಮೈಸೂರು*

ತಿರುವಿ ನೋಡಬೇಕು ಮಗಳೇ. ಅಂಗಡಿಯವರು ಹೊರಭಾಗ ತೋರಿಸುತ್ತಾರೆ, ಹೊಲಿಗೆ ಕಲಿತವರು ಒಳಭಾಗ ನೋಡುತ್ತಾರೆ.

ಪಕ್ಕದ ಹೊಲಿಗೆಯಿಂದ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ? ಅಗ್ಗದ ರೆಡಿಮೇಡಿನಲ್ಲಿ ಕಾಲಿಂಚೂ ಇರುವುದಿಲ್ಲ. ಓವರ್‌ಲಾಕ್ ಹೊಡೆದು ಅಂಚು ಕತ್ತರಿಸಿಬಿಟ್ಟಿರುತ್ತಾರೆ. ನೀನು ಒಂದಿಂಚು ದಪ್ಪಗಾದೆಯೋ, ಕುರ್ತಿಯ ಕತೆ ಮುಗಿಯಿತು. ಟೇಲರ್ ಹೊಲಿದದ್ದರಲ್ಲಿ ಒಳಗೆ ಒಂದು ಇಂಚು ಇರುತ್ತದೆ, ಎರಡು ಸಾಲು ಹೊಲಿಗೆಯೂ ಇರುತ್ತದೆ. ಒಳಗಿನ ಸಾಲು ಬಿಚ್ಚಿದರೆ ಸಡಿಲ. ನಾವು ಕಲಿಸುವಾಗ ಮಕ್ಕಳ ಯೂನಿಫಾರಂ ಸ್ಕರ್ಟಿಗೆ ಕೆಳಗೆ ನಾಲ್ಕು ಬೆರಳು ಮಡಿಕೆ ಬಿಡಿಸುತ್ತಿದ್ದೆವು. ಜೂನ್ ಬಂತೆಂದರೆ ಮಡಿಕೆ ಬಿಚ್ಚಿ ಇಸ್ತ್ರಿ ಮಾಡುವುದು. ಹಳೆ ಮಡಿಕೆಯ ಗೆರೆ ಕಾಣುತ್ತದೆ ಎಂದು ಮಕ್ಕಳು ಅಳುವುದು, ಅದರ ಮೇಲೆ ಒಂದು ಲೇಸು ಹಚ್ಚಿ ಸಮಾಧಾನ ಮಾಡುವುದು.

ಇನ್ನು ಕಂಕುಳು. ಕೈ ಕೂಡುವ ಕಡೆ ನಾಲ್ಕು ಹೊಲಿಗೆ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಕುರ್ತಿ ಮೊದಲು ಬಿಚ್ಚಿಕೊಳ್ಳುವುದು ಅಲ್ಲೇ. ಎರಡೂ ಕೈಯಲ್ಲಿ ಹಿಡಿದು ಎಳೆ, ಹೊಲಿಗೆಯ ನಡುವೆ ಬೆಳಕು ಕಂಡರೆ ಬಿಡು. ಆನ್‌ಲೈನಿನಲ್ಲಿ ಹೀಗೆ ಎಳೆಯಲು ಬರುವುದಿಲ್ಲ, ಅದೇ ಅವರಿಗೆ ಅನುಕೂಲ.

ಆ ಮೂರರ ಬಟ್ಟೆ ಬಹುಶಃ ಪಾಲಿಯೆಸ್ಟರ್. ಉಜ್ಜಿದ ಕಡೆ ಗುಂಡುಗುಂಡಾಗಿ ಎಳೆ ಏಳುತ್ತದೆ, ಒಗೆದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಎಳೆ ನೀರಿಗೆ ಹೋಗುತ್ತದೆ. ಹಾಗೆಂದು ಕಾಟನ್ ದೇವರಲ್ಲ. ಒಂದು ಕಾಟನ್ ಟೀ ಶರ್ಟಿಗೆ ಹತ್ತಿ ಬೆಳೆಯುವುದರಿಂದ ಹಿಡಿದು ಸುಮಾರು 2,700 ಲೀಟರ್ ನೀರು ಬೇಕು ಎಂದು ಲೆಕ್ಕ ಹೇಳುತ್ತಾರೆ. ಹಾಗಾಗಿ ಕಾಟನ್ ಎಂದು ಮೂರು ಕೊಂಡರೂ ಅಷ್ಟೇ. ಆ 999ಕ್ಕೆ ಬಟ್ಟೆ ತಂದು ಒಂದೇ ಒಂದು ಹೊಲಿಸಿಕೊ. ಟೇಲರಿಗೆ "ಒಳಗೆ ಒಂದಿಂಚು ಬಿಡ್ರಿ" ಎನ್ನು. ಮಿಕ್ಕ ತುಂಡು ತಪ್ಪದೆ ಕೇಳಿ ತೆಗೆದುಕೊ. ಮುಂದೆ ಕಂಕುಳು ಹರಿದಾಗ ತೇಪೆಗೆ ಅದೇ ಬಣ್ಣದ ಬಟ್ಟೆ ಎಲ್ಲಿ ಹುಡುಕುತ್ತೀ?

ನೀವೆಲ್ಲ ಗೃಹಿಣಿಯರಿಗೆ ಮಾತ್ರ ಉಪದೇಶ ಮಾಡುತ್ತೀರಿ. ಕಾರ್ಖಾನೆಗಳು, ಹೋಟೆಲುಗಳು ಲಾರಿಗಟ್ಟಲೆ ಹಾಳುಮಾಡುತ್ತಿರುವಾಗ ನನ್ನ ಹೀರೆಕಾಯಿ ಸಿಪ್ಪೆಯಿಂದ ಯಾವ ಲೋಕ ಉದ್ಧಾರವಾಗುತ್ತದೆ?
*— ಹೆಸರು ಬೇಡ, ಊರೂ ಬೇಡ*

ಬಟ್ಟೆಯ ವಿಷಯದಲ್ಲಿ ನಿಮ್ಮದು ಸರಿ. ಗಾರ್ಮೆಂಟ್ಸಿನ ಕಟಿಂಗ್ ಮೇಜಿನ ಕೆಳಗೆ ಒಂದು ಪಾಳಿಯಲ್ಲಿ ಬೀಳುವ ಚೂರು ನಾನು ಜೀವಮಾನದಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು. ಅಲ್ಲಿಯ ಲೆಕ್ಕ ಕೇಳಬೇಕಾದವರು ಸರ್ಕಾರ ಮತ್ತು ಆ ಬಟ್ಟೆ ತರಿಸಿಕೊಳ್ಳುವ ದೊಡ್ಡ ಕಂಪನಿಗಳು.

ಊಟದ ವಿಷಯದಲ್ಲಿ ಹಾಗಿಲ್ಲ. ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಕೊಟ್ಟ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹಾಳಾದ ಆಹಾರ 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದ್ದು. ಹೋಟೆಲು, ಅಂಗಡಿ ಎಲ್ಲ ಸೇರಿ ಉಳಿದ 40. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ, ಅಂದರೆ ವಾರಕ್ಕೆ ಒಂದು ಕಿಲೋ ಮೇಲೆ. ಈ ಲೆಕ್ಕದಲ್ಲಿ ಬಾಳೆಹಣ್ಣಿನ ಸಿಪ್ಪೆ, ಮೂಳೆಯಂಥ ತಿನ್ನಲಾಗದ್ದೂ ಸೇರಿದೆ, ಅದನ್ನೂ ಹೇಳಿಬಿಡುತ್ತೇನೆ. ಹಾಗಿದ್ದರೂ ಸಣ್ಣದಲ್ಲ.

ಇನ್ನೊಂದು ಮಾತು. ಬೆಂಗಳೂರಿನ ಕಸ ವರ್ಷಗಟ್ಟಲೆ ಊರಾಚೆಯ ಮಂಡೂರು ಎಂಬ ಹಳ್ಳಿಗೆ ಹೋಗುತ್ತಿತ್ತು. ಊರಿನವರು ರಸ್ತೆಗಿಳಿದು ಜಗಳ ಮಾಡಿದ ಮೇಲೆ 2014ರ ಕೊನೆಗೆ ನಿಂತಿತು. ಆ ಗುಡ್ಡೆ ನಾರುತ್ತಿದ್ದದ್ದು ಹಳೆ ಕಬ್ಬಿಣದಿಂದಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಎಸೆದ ಹುಳಿ, ಅನ್ನ, ಸಿಪ್ಪೆಯಿಂದ. ನಿಮ್ಮದೋ ನನ್ನದೋ ಯಾರಿಗೆ ಗೊತ್ತು.

ಹೀರೆಕಾಯಿ ಸಿಪ್ಪೆಯನ್ನು ಲೋಕೋದ್ಧಾರಕ್ಕೆ ತಿನ್ನಬೇಡಿ, ರುಚಿಗೆ ತಿನ್ನಿ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಗರಿಯಾಗುವ ತನಕ ಹುರಿಯಿರಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಗುರೆಳ್ಳು, ಚೂರು ಹುಣಸೆ, ಉಪ್ಪು. ತೀರ ನುಣ್ಣಗೆ ಬೇಡ, ತರಿತರಿಯಾಗಿ ಕುಟ್ಟಿ. ಬಿಸಿ ಜೋಳದ ರೊಟ್ಟಿಗೆ ಹಚ್ಚಿ, ಮೇಲೆ ಎಣ್ಣೆ. ಆದರೆ ಹೆಚ್ಚುವ ಮೊದಲು ಹಸಿಕಾಯಿಯ ಒಂದು ಚೂರು ಕಚ್ಚಿ ನೋಡಿ. ಹೀರೆ, ಸೋರೆ, ಸೌತೆ ಯಾವುದೇ ಆಗಲಿ ವಿಪರೀತ ಕಹಿ ಇದ್ದರೆ ಸಿಪ್ಪೆ, ತಿರುಳು ಎಲ್ಲ ಗೊಬ್ಬರದ ಗುಂಡಿಗೆ. ಕಹಿ ಸೋರೆಕಾಯಿ ತಿಂದು ಆಸ್ಪತ್ರೆ ಸೇರಿದವರಿದ್ದಾರೆ. ಅಲ್ಲಿ ಜಿಪುಣತನ ಕೂಡದು.

ನೆರೆ ಬಂದಾಗ ಕಳಿಸಲು ಹಳೆ ಬಟ್ಟೆ ಕೂಡಿಟ್ಟಿದ್ದೇನೆ. ಎಂಥದ್ದು ಕಳಿಸಬಹುದು?
*— ಶಿವಮೊಗ್ಗ*

2019ರ ಆಗಸ್ಟಿನಲ್ಲಿ ನಮ್ಮ ಕಡೆ ನೆರೆ ಬಂದಾಗ ಒಂದು ಪರಿಹಾರ ಕೇಂದ್ರದಲ್ಲಿ ಬಟ್ಟೆ ವಿಂಗಡಿಸಲು ಕೂತಿದ್ದೆ. ಹುಕ್ ಇಲ್ಲದ ರವಿಕೆ, ಲಾಡಿ ಇಲ್ಲದ ಲಂಗ, ಝಿಪ್ ಕಿತ್ತ ಪ್ಯಾಂಟು, ರಾಶಿ ರಾಶಿ. ಸೀರೆಗಳೇನೋ ಬಂದಿದ್ದವು, ಅದಕ್ಕೆ ಹೊಂದುವ ಲಂಗವಿಲ್ಲ. ಮಳೆಯಲ್ಲಿ ತೊಯ್ದು ಬಂದ ಹೆಣ್ಣುಮಕ್ಕಳು ಕೇಳುತ್ತಿದ್ದದ್ದು ಒಳಉಡುಪು, ಟವೆಲು, ಹೊದಿಕೆ, ಮುಟ್ಟಿನ ಬಟ್ಟೆ. ಅದು ಒಂದೂ ಇರಲಿಲ್ಲ. ಕಳಿಸುವುದಾದರೆ ಒಗೆದು, ಗುಂಡಿ ಹಚ್ಚಿ, ಸೀರೆ ಲಂಗ ರವಿಕೆ ಒಂದೇ ಗಂಟಿನಲ್ಲಿ ಕಟ್ಟಿ, ಮೇಲೆ ಅಳತೆ ಬರೆದು ಕಳಿಸಿ. ಒಳಉಡುಪು ಮಾತ್ರ ಹೊಸದು. ಹಳೆ ಕಾಟನ್ನನ್ನು ವರ್ಷವಿಡೀ ತೆಗೆದುಕೊಂಡು ಕೆಲಸಕ್ಕೆ ಹಚ್ಚುವ ಸಂಸ್ಥೆಗಳಿವೆ. 1999ರಲ್ಲಿ ದೆಹಲಿಯಲ್ಲಿ ಶುರುವಾದ ಗೂಂಜ್ ಅಂಥದ್ದು, ಹಳೆ ಕಾಟನ್ನಿನಿಂದ ಮುಟ್ಟಿನ ಪ್ಯಾಡ್ ಕೂಡ ಮಾಡಿ ಹಂಚುತ್ತಾರೆ. ನೆರೆ ಬರುವ ತನಕ ಕಾಯಬೇಕಿಲ್ಲ.

ಕೌದಿಗೆಂದು ನಮ್ಮ ಹಳೆ ಸೀರೆಗಳನ್ನು ನಿಮ್ಮ ಪತ್ರಿಕೆಯ ವಿಳಾಸಕ್ಕೆ ಕಳಿಸಬಹುದೇ?
*— ಹುಬ್ಬಳ್ಳಿ*

ದಯವಿಟ್ಟು ಬೇಡ. ಸಂಪಾದಕರ ಕೋಣೆಯಲ್ಲಿ ಹಳೆ ಸಂಚಿಕೆಗಳ ಗಂಟಿಗೇ ಜಾಗವಿಲ್ಲ. ಹುಬ್ಬಳ್ಳಿಯಲ್ಲಿ ಕೂತು ಕೌದಿ ಹೊಲಿಯುವವರನ್ನು ನನ್ನ ಹತ್ತಿರ ಕೇಳುತ್ತೀರಲ್ಲ! ಸಂತೆಯ ದಿನ ಬಾಣಂತಿ ಸಾಮಾನಿನ ಅಂಗಡಿಯವರನ್ನು ವಿಚಾರಿಸಿ, ಹೇಳುತ್ತಾರೆ.